ನಾನು ಇಲ್ಲವೆಂದ ತುಣುಕು ಹೊಲ

ಶಾಂತಾಕಾಕು, ನಿಮ್ಮ ಹೊಲದ ತುಣುಕು ಮೂಲ ನಕಾಶೆಯಲ್ಲಿ ಇತ್ತು. ಇಲ್ಲವೆಂದು ನಾನು ಹೇಳಿದ್ದು ಸುಳ್ಳು.

ಆಗ ಉದಗೀರದ ಒಂದು ಖಾಸಗಿ ಆಫೀಸಿನಲ್ಲಿ ನನ್ನ ಕೆಲಸ. ಕಂಪ್ಯೂಟರಿನಲ್ಲಿ ಗೆರೆಗಳಾಗಿದ್ದ ಹೊಲಗಳ ನಕಾಶೆಯನ್ನು, ಎಲ್ಲಿಯ ಯಂತ್ರವೂ ಓದುವಂಥ ಬರೀ ಅಕ್ಷರ-ಅಂಕಿಗಳ ಸಾಲಾಗಿ ಬದಲಿಸುವ ಪ್ರೋಗ್ರಾಂ ಬರೆದವನು ನಾನೇ. ಕಾಸಾರಶಿರಸಿ ಕಡೆಯ ಆ ದೊಡ್ಡ ಹೊಲ ಸೌರವಿದ್ಯುತ್ತಿನ ಕಂಪನಿಗೆ ಮಾರಾಟವಾಗಿತ್ತು. ಅದರ ನಟ್ಟನಡುವೆ ನಿಮ್ಮ ತುಣುಕು — ನಿಮ್ಮ ಯಜಮಾನರು, ನಮ್ಮ ಕಾಕಾನ ಸಮಾಧಿ ಇದ್ದ ಜಾಗ. ಅಂಥ ಹೊಲಕ್ಕೆ ಎರಡು ಗೆರೆ ಬೇಕು: ಹೊರಗಿನ ಎಲ್ಲೆ ಒಂದು, ಒಳಗೆ ಬಿಟ್ಟ ಜಾಗವನ್ನು ಸುತ್ತುವ ಇನ್ನೊಂದು. ನನ್ನ ಪ್ರೋಗ್ರಾಂ ಹೊರಗಿನದನ್ನಷ್ಟೇ ಬರೆಯಿತು. ಕಂಪನಿಗೆ ಹೋದ ನಕಾಶೆಯಲ್ಲಿ ಎಲ್ಲವೂ ಅವರದೇ ಹೊಲ.

ಅಲ್ಲಿಯವರೆಗೆ ಅದು ಬರೀ ತಪ್ಪು. ಆಮೇಲೆ —

ನೀವು ಬಸ್ಸು ಹಿಡಿದು ಆಫೀಸಿಗೆ ಬಂದಿರಿ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕದಲ್ಲಿ ಕೂತಿರಿ.

"ಮಗಾ, ಕಾಗದದಾಗ ನನ್ನ ಹೆಸರೈತಿ. ಆದ್ರ ನಕಾಶಾದಾಗ ತುಕಡಾನೇ ಇಲ್ಲ ಅಂತಾರ ಕಂಪನಿ ಮಂದಿ. ನಿಮ್ಮ ಕಾಕಾ ಅಲ್ಲೇ ಮಲಗ್ಯಾರ. ನೀ ಒಮ್ಮಿ ನೋಡು."

ಮೂಲ ನಕಾಶೆ ತೆರೆದೆ. ಒಳಗಿನ ಗೆರೆ ಕಣ್ಣೆದುರಿಗೇ ಇತ್ತು. ನೀವೂ ಪರದೆಯನ್ನೇ ನೋಡುತ್ತಿದ್ದಿರಿ. ಆ ಗೆರೆಗಳ ಗೋಜಲು ನಿಮಗೆ ತಿಳಿಯುವಂತಿರಲಿಲ್ಲ. ಕೆಲಸ ಹೋದೀತೆಂದು ಹೆದರಿದೆನೋ, ಎಲ್ಲರೆದುರು ನನ್ನ ತಪ್ಪು ಬಯಲಾದೀತೆಂದೋ... ಏನಾದರೇನು, ಹೇಳಬೇಕಿತ್ತು.

"ಇದರಾಗೂ ಇಲ್ರೀ, ಕಾಕು," ಅಂದೆ.

"ಹೋಗ್ಲಿ ಬಿಡು. ನೀ ನೋಡಿದಿಯಲ್ಲ, ಸಾಕು," ಎಂದು ನನ್ನ ತಲೆ ಸವರಿ ಎದ್ದಿರಿ. ಬೇರೆ ಯಾರೇ ಹೇಳಿದ್ದರೂ ಜಗಳಕ್ಕೆ ನಿಲ್ಲುತ್ತಿದ್ದಿರಿ. ಚಿಕ್ಕಂದಿನಿಂದ ನಿಮ್ಮ ಮನೆಯಲ್ಲಿ ಉಂಡು ಬೆಳೆದವನು ಹೇಳಿದ್ದೆಂದು — ನಂಬಿದಿರಿ.

ಕೆಲವೇ ದಿನಗಳಲ್ಲಿ ಜೆಸಿಬಿ ಬಂತು. ಸಮಾಧಿಯ ಕಲ್ಲು ಕಿತ್ತರು, ನೆಲ ಸಮ ಮಾಡಿದರು, ಮೇಲೆ ಕಾಂಕ್ರೀಟು ಸುರಿದರು. ಅಷ್ಟಾದ ಮೇಲೆ ನಾನು ಪ್ರೋಗ್ರಾಂ ಸರಿಪಡಿಸಿದೆ. ದೊಡ್ಡ ಕೆಲಸವೇನೂ ಆಗಿರಲಿಲ್ಲ. ಯಾರಿಗೂ ಹೇಳಲಿಲ್ಲ.

ಹೋದ ಅಮಾವಾಸ್ಯೆಯಂದು ನಿಲಂಗಾದ ಬಸ್ಸಿನ ಕಿಟಕಿಯಿಂದ ನಿಮ್ಮನ್ನು ಕಂಡೆ. ಕಂಪನಿಯ ಬೇಲಿಯ ಹೊರಗೆ, ಕೈಯಲ್ಲಿ ತೆಂಗಿನಕಾಯಿ. ಒಂದೇ ಥರದ ಸೌರ ಫಲಕಗಳ ಸಾಲು ಸಾಲು ನೋಡುತ್ತ, ಎತ್ತ ಮುಖ ಮಾಡಿ ಒಡೆಯಬೇಕೆಂದು ತಿಳಿಯದೆ ನಿಂತಿದ್ದಿರಿ.

ನನಗೆ ಗೊತ್ತಿತ್ತು. ನಾನು ಬಸ್ಸಿನಿಂದ ಇಳಿಯಲಿಲ್ಲ.