ಹಸಿರು ಡಬ್ಬಕ್ಕೆ ಬೀಳದ ಅನ್ನ

ಓವರ್‌ಲೇಕ್ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಪಕ್ಕದ ಮನೆಯ ಜಾಹ್ನವಿ ಊಟಕ್ಕೆ ಕೂತದ್ದನ್ನು ನಾನು ಕಂಡೇ ಇಲ್ಲ. ಆಕೆ ಉಣ್ಣುವುದು ನಿಂತುಕೊಂಡು, ಅದೂ ಮಗ ಚರಣ್‌ನ ತಟ್ಟೆಯಿಂದ. ಅವನಿಗೆ ಆರ್ಗ್ಯಾನಿಕ್ ಬ್ಲೂಬೆರಿಯನ್ನು ಮೂರು ಸಲ ತೊಳೆದು ಕೊಡುತ್ತಾಳೆ. ಅವನು ಬಿಟ್ಟ ಪಿಜ್ಜಾದ ಅಂಚು, ಚೀಸ್ ಮೆತ್ತಿದ ಮ್ಯಾಕರೋನಿ, ತುಪ್ಪದನ್ನ ಎಲ್ಲವನ್ನೂ ತಾನು ಮುಗಿಸುತ್ತಾಳೆ. ಉಳಿದದ್ದನ್ನು ಗೊಬ್ಬರಕ್ಕೆ ಹಾಕಿ ಎಂದು ನಗರಸಭೆಯವರು ಕೊಟ್ಟ ಹಸಿರು ಡಬ್ಬ ಸಿಂಕಿನ ಕೆಳಗೆ ಇನ್ನೂ ಹೊಚ್ಚಹೊಸದಾಗಿದೆ. “ಅನ್ನ ಕಣೇ, ಎಸೆಯಕ್ಕೆ ಕೈ ಬರಲ್ಲ,” ಎನ್ನುತ್ತಾಳೆ. ಶುಗರ್ ಬಾರ್ಡರಿಗೆ ಬಂದಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ ಕಾಫಿಗೆ ಸಕ್ಕರೆ ಬಿಟ್ಟಳು, ಮಗನ ತಟ್ಟೆ ಬಿಡಲಿಲ್ಲ. “ನಾನು ತಿನ್ನೋದೇ ಇಲ್ವಲ್ಲೇ, ಎಲ್ಲಿಂದ ಬಂತು ಇದು?” ಎಂದು ನನ್ನನ್ನೇ ಕೇಳುತ್ತಾಳೆ. ಮೊನ್ನೆ ಪ್ರೀಸ್ಕೂಲಿನಲ್ಲಿ ಟೀಚರು ತಾಯಂದಿರಾದ ನಮ್ಮೆಲ್ಲರ ಎದುರಿಗೇ, ಮನೆಯಲ್ಲಿ ಉಳಿದ ಊಟ ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳನ್ನು ಕೇಳಿದರು. ಒಂದೊಂದೇ ಮಗು ಹಸಿರು ಡಬ್ಬ ಎಂದಿತು. ಚರಣ್ ಎದ್ದು, “ಅಮ್ಮಾಸ್ ಟಮ್ಮಿ!” ಎಂದ. ಕೋಣೆಗೆ ಕೋಣೆಯೇ ನಕ್ಕಿತು. ಜಾಹ್ನವಿಯೂ ನಕ್ಕಳು, ಸ್ವೆಟರನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತ. ನನಗೆ ಮಾತ್ರ ನಗು ಬರಲಿಲ್ಲ. ಮುಂದಿನ ಸರದಿ ನನ್ನ ಮಗಳದು. ಅವಳ ಬೆರಳು ಆಗಲೇ ನನ್ನ ಕಡೆ ತಿರುಗಿತ್ತು.