ಕರಿ ಕೋಟಿನವರು ಬಂದ ಸಂಜೆ

ಆ ಬೀದಿಯಲ್ಲಿ ಎರಡು ಪಕ್ಷಗಳಿದ್ದವು. ಒಂದು ಸಂಜೆ ಬಂದು ಹೋದ ಇಬ್ಬರು ಕರಿ ಕೋಟಿನವರು ಸರ್ಕಾರದ ಗುಪ್ತ ಇಲಾಖೆಯವರು ಎನ್ನುವುದು ಒಂದು ಪಕ್ಷ. ಅವರು ಮನುಷ್ಯರೇ ಅಲ್ಲ ಎನ್ನುವುದು ಇನ್ನೊಂದು. ಕ್ಷೌರದಂಗಡಿಯ ಬೆಂಚಿನ ಮೇಲೆ ಇಪ್ಪತ್ತೇಳು ವರ್ಷದಿಂದ ಈ ವ್ಯಾಜ್ಯ ನಡೆದೇ ಇತ್ತು, ತೀರ್ಪು ಮಾತ್ರ ಬಂದಿರಲಿಲ್ಲ. ಮೂರನೆಯ ಪಕ್ಷವೂ ಒಂದಿತ್ತು. ಅದರಲ್ಲಿದ್ದವಳು ಒಬ್ಬಳೇ, ಅವಳು ಬಾಯಿ ಬಿಟ್ಟವಳಲ್ಲ. ಆ ಇಬ್ಬರಿಗೂ ಕೋಟು ಕೊಟ್ಟು ಕಳಿಸಿದವಳೇ ಅವಳು.

ಬೀದಿಯವರಿಗೆ ಅವಳು ಹೊಲಿಗೆಯಕ್ಕ. ಮದುವೆಗೆ, ನಾಟಕಕ್ಕೆ, ಫೋಟೋ ತೆಗೆಸಿಕೊಳ್ಳುವುದಕ್ಕೆ ಕೋಟು ಬಾಡಿಗೆಗೆ ಕೊಡುವ ಅಂಗಡಿಯೊಂದಕ್ಕೆ ಮನೆಯಲ್ಲೇ ಕೂತು ಹೊಲಿದು ಕೊಡುವುದು ಅವಳ ಕೆಲಸ. ಬಾಡಿಗೆ ಕೋಟಿನದು ನಾಯಿಪಾಡು. ಈ ವಾರ ಬಡಕಲು ಮದುಮಗನ ಮೈಮೇಲೆ, ಮುಂದಿನ ವಾರ ಗುಡಾಣ ಹೊಟ್ಟೆಯ ಅವನ ಮಾವನ ಮೈಮೇಲೆ. ಪ್ರತಿ ಸಲವೂ ಬೆನ್ನಿನ ಹೊಲಿಗೆ ಬಿಚ್ಚಿ ಹಿಡಿಯಬೇಕು, ಇಲ್ಲವೇ ಬಿಡಬೇಕು. ಹೊರಬಾಗಿಲ ಪಕ್ಕದ ಕಿಟಕಿಗೆ ಒತ್ತಿಕೊಂಡಿದ್ದ ಅವಳ ಮಿಶನ್ನು ಬೆಳಿಗ್ಗೆ ಶುರುವಾದರೆ ದೀಪ ಹಚ್ಚುವ ಹೊತ್ತಿಗೇ ನಿಲ್ಲುತ್ತಿದ್ದದ್ದು.

ಅವಳ ಗಂಡನಿಗೆ ಟ್ಯಾಂಕಣ್ಣ ಎಂದು ಹೆಸರು. ಊರಿನ ನೀರಿನ ಟ್ಯಾಂಕಿನ ಉಸ್ತುವಾರಿ ಅವನದು. ದಿನಕ್ಕೆ ಎರಡು ಸಲ ನೂರಾ ಹನ್ನೆರಡು ಮೆಟ್ಟಿಲು ಹತ್ತಿ ನೀರಿನ ಮಟ್ಟ ನೋಡಬೇಕು, ಬ್ಲೀಚಿಂಗ್ ಪುಡಿ ಬೆರೆಸಬೇಕು, ಇಳಿದು ಬಂದು ವಾಲ್ವ್ ತಿರುಗಿಸಬೇಕು. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಸಂಜೆ ಮನೆಗೆ ಬಂದಮೇಲೆ ಹೆಂಡತಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೋಟುಗಳಿಗೆ ಗುಂಡಿ ಹೊಲಿಯುತ್ತಿದ್ದ. ಟ್ಯಾಂಕಿನೊಳಗೆ ತೇಲುವ ಬೆಂಡಿಗೆ ಹಗ್ಗ ಕಟ್ಟುವುದಕ್ಕೆ ಅವನದೇ ಒಂದು ಗಂಟಿತ್ತು. ಗುಂಡಿಯ ಬುಡಕ್ಕೂ ಅದೇ ಗಂಟು. ದಾರವನ್ನು ಮೂರು ಸುತ್ತು ಸುತ್ತಿ, ತುದಿಯನ್ನು ಅಡಿಯಿಂದ ತೂರಿಸಿ, ಹಲ್ಲಿನಿಂದ ಎಳೆಯುವುದು. ಬಟ್ಟೆ ಹರಿದರೂ ಆ ಗುಂಡಿ ಬೀಳುತ್ತಿರಲಿಲ್ಲ. ಬದಲಾಯಿಸಬೇಕಾದಾಗ ಬ್ಲೇಡು ಹಿಡಿದು ಕೂರಬೇಕಾಗುತ್ತಿತ್ತು. "ಇದೇನ್ರೀ, ಗುಂಡಿ ಹೊಲೀತೀರೋ ಹಡಗು ಕಟ್ತೀರೋ?" ಎಂದು ಅವಳು ರೇಗಿಸುತ್ತಿದ್ದಳು.

ಆ ಸಂಜೆ, ಅಂದರೆ ಮಗಳಿಗೆ ನಾಲ್ಕು ವರ್ಷ ತುಂಬಿದ ತಿಂಗಳು, ಸೂರ್ಯ ಆಗಷ್ಟೇ ಮುಳುಗಿದ್ದ. ಟ್ಯಾಂಕಿನಿಂದ ಇಳಿದವನು ಏದುಸಿರು ಬಿಡುತ್ತಾ ಮನೆಗೆ ಓಡಿ ಬಂದ. "ಏನೇ, ಇಲ್ಲಿ ಕೇಳು. ಮೇಲೆ ಏನೋ ನೋಡಿದೆ ಕಣೇ, ಆಕಾಶದಲ್ಲಿ..." ಎಂದ. ಅವಳ ಬಾಯಲ್ಲಿ ಮೂರು ಗುಂಡುಸೂಜಿ ಇದ್ದವು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಆರು ಪ್ಯಾಂಟು ಅಂಗಡಿ ಸೇರಬೇಕಿತ್ತು. ಸೂಜಿಗಳ ಸಂದಿಯಿಂದಲೇ ಅವಳು, "ಹೌದಾ? ಮೊದಲು ಕೈಕಾಲು ತೊಳ್ಕೊಳ್ಳಿ," ಎಂದಳು. ಅವನು ತೊಳೆದುಕೊಂಡ. ಆಮೇಲೆ ಹೊರಗೆ ಹೋಗಿ ಬೀದಿಗೆ ಹೇಳಿದ.

ಬೀದಿಗೆ ಇನ್ನೇನು ಬೇಕು? ವಾರದೊಳಗೆ ಟ್ಯಾಂಕಣ್ಣ ಹಾರುವ ತಟ್ಟೆ ನೋಡಿದನಂತೆ ಎಂದು ಪಕ್ಕದ ಬಡಾವಣೆಯವರೂ ಬಂದರು. ಅವನು ತಟ್ಟೆ ಎಂದಿರಲೇ ಇಲ್ಲ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಬೇಸತ್ತು, ತಾನು ಕಂಡದ್ದನ್ನು ದಿನಾಂಕ ಸಮೇತ ಬರೆದು ತನ್ನ ನೀರು ಸರಬರಾಜು ಕಚೇರಿಗೆ ಒಂದು ಪತ್ರ ಕೊಟ್ಟ. ಉತ್ತರ ಬರಲಿಲ್ಲ. ಇನ್ನೊಂದು ಕೊಟ್ಟ. ಆಗ ಸೂಪರ್‌ವೈಸರ್ ಖುದ್ದಾಗಿ ಮನೆಗೆ ಬಂದ. ಗಂಡ ಇಲ್ಲದ ಹೊತ್ತು ನೋಡಿಯೇ ಬಂದಿದ್ದ.

"ನೋಡಮ್ಮ, ಊರೆಲ್ಲ ಕುಡಿಯೋ ನೀರು ಅದು. ತಲೆ ನೆಟ್ಟಗಿಲ್ಲದವನ ಕೈಗೆ ಪುಡಿ ಡಬ್ಬ ಕೊಡಕ್ಕಾಗುತ್ತಾ? ಮೂರನೇ ಕಾಗದ ಬಂದ್ರೆ ನಾನು ಡಾಕ್ಟ್ರ ಹತ್ರ ಕಳಿಸ್ಲೇಬೇಕು. ಒಂದ್ಸಲ ಡಾಕ್ಟ್ರು ಕೊಡೋ ಚೀಟಿ ಫೈಲಿಗೆ ಸೇರಿದ್ರೆ ಕೆಲಸಕ್ಕೆ ವಾಪಸ್ ಬರಲ್ಲ. ನಿಮ್ಮೆಜಮಾನ್ರಿಗೆ ನೀವೇ ಹೇಳಿ."

ಅವಳು ಹೇಳಿದಳು. ಕಣ್ಣೀರು ಹಾಕಿಯೂ ಹೇಳಿದಳು. ಅವನು, "ಕಂಡಿದ್ದನ್ನ ಕಂಡಿಲ್ಲ ಅನ್ನು ಅಂತೀಯಾ?" ಎಂದು ಮೂರನೆಯ ಕಾಗದ ಬರೆಯಲು ಕೂತ. ಅವನು ತಿದ್ದಿ ತಿದ್ದಿ ಬರೆಯುತ್ತಿರುವಾಗಲೇ ಅವಳು ತಮ್ಮನನ್ನು ಕರೆಸಿದಳು.

ಅವಳ ತಮ್ಮ ಔಷಧಿ ಕಂಪನಿಯೊಂದರ ಪ್ರತಿನಿಧಿ. ಬೇರೆ ಊರುಗಳಲ್ಲೂ ಇಂಥ ಬೆಳಕು ಕಂಡವರನ್ನು ಕರಿ ಸೂಟಿನವರು ಬಂದು ಹೆದರಿಸಿ ಬಾಯಿ ಮುಚ್ಚಿಸುತ್ತಾರಂತೆ ಎಂದು ಎಲ್ಲೋ ಪತ್ರಿಕೆಯಲ್ಲಿ ಓದಿದ್ದವನು ಅವನೇ. "ಅಕ್ಕಾ, ಭಾವ ನಿನ್ನ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ. ಅಂಥವ್ರ ಮಾತು ಕೇಳ್ಬಹುದು," ಎಂದ. ಬೇರೆ ಊರಿನ ತನ್ನ ಇಬ್ಬರು ಸಹೋದ್ಯೋಗಿಗಳನ್ನು ಒಪ್ಪಿಸಿದ. ಡಾಕ್ಟರ ಮುಂದೆ ಮುಖದ ಒಂದು ಗೆರೆಯೂ ಅಲುಗದಂತೆ ಮಾತಾಡಿ ಅಭ್ಯಾಸವಿದ್ದವರು. ಕೋಟು ಎಲ್ಲಿಂದ ತರುವುದು ಎಂಬ ಚಿಂತೆಯಂತೂ ಆ ಮನೆಯಲ್ಲಿ ಇರಲಿಲ್ಲ. ಅವಳೇ ಎರಡು ಕರಿ ಸೂಟು ಆರಿಸಿ, ತೋಳಿನ ಅಂಚು ಬಿಟ್ಟು, ಇಸ್ತ್ರಿ ಮಾಡಿ ಕಳಿಸಿದಳು.

ಗಂಡನಿಗೆ ರಜೆಯಿದ್ದ ಒಂದು ಸಂಜೆ ಐದೂವರೆಗೆ ಅವರು ಬಂದರು. ಇಡೀ ಬೀದಿ ನೋಡಿತು. ಒಳಗೆ ಬಂದು ನಿಂತೇ ಮಾತಾಡಿದರು. ಬಂದವರು ಕೂರಲೇ ಇಲ್ಲ ಎಂದು ಬೀದಿ ಆಮೇಲೆ ಎಷ್ಟು ಅರ್ಥ ಕಟ್ಟಿತೋ! ಪ್ಯಾಂಟು ಬಿಗಿಯಾಗಿತ್ತು, ಅಷ್ಟೇ. ಅಡುಗೆಮನೆಯ ಪರದೆಯ ಹಿಂದೆ ನಿಂತು ಅವಳು ಕೇಳಿಸಿಕೊಂಡಳು.

"ನೀವು ಏನನ್ನೂ ನೋಡಿಲ್ಲ. ಇನ್ನು ಮುಂದೆ ಯಾರ ಹತ್ರಾನೂ ಮಾತಾಡಲ್ಲ, ಯಾರಿಗೂ ಬರೆಯಲ್ಲ. ಇಲ್ಲಿ ಸಹಿ ಹಾಕಿ."

ಸ್ಟೂಲಿನ ಮೇಲೆ ಕೂತಿದ್ದ ಗಂಡ ಕಾಗದ ಚಾಚಿದವನ ಹೊಟ್ಟೆಯ ಮಟ್ಟಕ್ಕೇ ಕಣ್ಣು ನೆಟ್ಟಿದ್ದ. ತಲೆ ಎತ್ತಲಿಲ್ಲ. ಆಮೇಲೆ ಒಮ್ಮೆ ಪರದೆಯ ಕಡೆ ನೋಡಿ, ನೆಲ ನೋಡಿ, ಸಹಿ ಹಾಕಿದ. "ಟೀ ಕುಡ್ಕೊಂಡು ಹೋಗಿ," ಎಂದ. ಒಬ್ಬ ಆಗಲಿ ಎನ್ನುವುದರಲ್ಲಿದ್ದ, ಇನ್ನೊಬ್ಬ ಅವನ ಕಾಲು ತುಳಿದ. ಇಬ್ಬರೂ ಹೊರಟುಹೋದರು.

ಮೂರನೆಯ ಕಾಗದ ಕಚೇರಿಗೆ ಹೋಗಲಿಲ್ಲ. ನೌಕರಿ ಉಳಿಯಿತು, ಮಗಳ ಓದು ನಡೆಯಿತು, ಅವನು ಮರ್ಯಾದೆಯಿಂದ ನಿವೃತ್ತನಾದ. ಸಹಿಯ ಕಾಗದವನ್ನು ತಮ್ಮ ತಂದುಕೊಟ್ಟಾಗ ಅವಳು ಅದನ್ನು ಗುಂಡಿ ಡಬ್ಬದ ತಳದಲ್ಲಿ ಮಡಿಸಿಟ್ಟಳು. ಗಂಡ ಆ ಡಬ್ಬ ತೆಗೆಯುತ್ತಾನೆಂಬ ಭಯವೂ ಇರಲಿಲ್ಲ. ಆ ಸಂಜೆಯ ನಂತರ ಅವನು ಗುಂಡಿ ಹೊಲಿಯುವುದನ್ನೇ ಬಿಟ್ಟಿದ್ದ. ಬೆರಳು ನೋಯುತ್ತದೆ ಎಂದ. ಇಷ್ಟು ಹೆದರಿಸಬಾರದಿತ್ತು ಎಂದು ಅವಳು ಮರುಗಿದಳು. ಅಂಗಳದಲ್ಲಿ ಕೂತು ಮೇಲೆ ನೋಡುತ್ತಿದ್ದವನು ಅವಳ ಹೆಜ್ಜೆ ಸದ್ದಾದರೆ ಕಣ್ಣು ಕೆಳಗಿಳಿಸುತ್ತಿದ್ದ. ಅದನ್ನು ಕಂಡಾಗಲೆಲ್ಲ ಹೇಳಿಬಿಡೋಣ ಎನಿಸುತ್ತಿತ್ತು, ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದಳು. ತಮ್ಮ ಒಂದು ದಿನ ಹೃದಯಾಘಾತದಿಂದ ತೀರಿಕೊಂಡ. ಊರಿನಲ್ಲಿ ಗುಟ್ಟು ಅವಳೊಬ್ಬಳ ಪಾಲಿಗೆ ಉಳಿಯಿತು.

ಬೀದಿ ಮಾತ್ರ ಸುಮ್ಮನಿರಲಿಲ್ಲ. ಬಂದ ಇಬ್ಬರು ಕಣ್ಣೇ ಮಿಟುಕಿಸಲಿಲ್ಲ ಎಂದು ಕ್ಷೌರಿಕ ಆಣೆ ಮಾಡಿದ. ನೆರಳೇ ಬೀಳಲಿಲ್ಲ ಎಂದಳು ಎದುರುಮನೆಯಾಕೆ. ಆಕೆಗೆ ಕನ್ನಡಕವಿಲ್ಲದೆ ತನ್ನ ನೆರಳೂ ಕಾಣುತ್ತಿರಲಿಲ್ಲ, ಆ ಮಾತು ಬೇರೆ. ತಾನು ಹೊಲಿದ ಕೋಟಿನೊಳಗೆ ಊರಿನವರು ಯಾರ್ಯಾರನ್ನೋ ತುಂಬುವುದನ್ನು ಅವಳು ಮಿಶನ್ನು ತುಳಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಕೆಲವೊಮ್ಮೆ ಅವಳಿಗೇ ಗೊಂದಲವಾಗುತ್ತಿತ್ತು. ಬೇರೆ ಊರುಗಳಲ್ಲಿ ನಿಜವಾಗಿ ಅಂಥವರು ಇದ್ದಿರಬಹುದೇ? ಅಥವಾ ಅಲ್ಲೆಲ್ಲ ತನ್ನಂತೆಯೇ ಒಬ್ಬಳು ಪರದೆಯ ಹಿಂದೆ ನಿಂತಿದ್ದಳೇ?

ಈ ಪ್ರಶ್ನೆಯನ್ನೇ ಚೀಲದಲ್ಲಿಟ್ಟುಕೊಂಡು ಒಬ್ಬ ಬರಹಗಾರ್ತಿ ಒಂದು ಭಾನುವಾರ ಮಧ್ಯಾಹ್ನ ಮನೆಗೆ ಬಂದಳು. ಮಗಳು ಕೆಲಸ ಮಾಡುವ ಗ್ರಂಥಾಲಯದಲ್ಲಿ ಪರಿಚಯವಾದವಳು. ಮೂವತ್ತು ದಾಟಿದ, ನಗುಮುಖದ, ಬೆರಳ ತುಂಬ ಶಾಯಿಯ ಹೆಂಗಸು.

"ಅವ್ರು ನಿಜವಾಗ್ಲೂ ಇದ್ದಾರಾ ಅನ್ನೋದೇ ನನ್ನ ಪುಸ್ತಕ," ಎಂದಳು. "ಎಷ್ಟೋ ಮನೆಗೆ ಹೋಗ್ಬಂದೆ. ಎಲ್ಲಾ ಕಡೆ ಇದೇ ಕಥೆ. ಇಬ್ರು ಬಂದ್ರು, ಹೆದರಿಸಿದ್ರು, ಹೋದ್ರು. ಕೆದಕಿದ್ರೆ ಒಂದ್ಕಡೆ ಯಾರೋ ತಮಾಷೆ ಮಾಡಿರ್ತಾರೆ, ಇನ್ನೊಂದ್ಕಡೆ ಯಾರೂ ಬಂದೇ ಇರಲ್ಲ. ಒಬ್ಬ ಕೋಟಿನವನೂ ಇವತ್ತಿನವರೆಗೆ ನನ್ನ ಕೈಗೆ ಸಿಕ್ಕಿಲ್ಲ. ನಿಮ್ಮನೇದು ಮಾತ್ರ ಬೇರೆ. ಇಡೀ ಬೀದಿ ಕಣ್ಣಾರೆ ನೋಡಿದೆ. ಇದನ್ನೇ ಮೊದಲನೇ ಅಧ್ಯಾಯ ಮಾಡ್ತೀನಿ. ಇದೊಂದೇ ಗಟ್ಟಿ ಪುರಾವೆ."

ಹೊಲಿಗೆಯಕ್ಕನ ಕಾಲು ಮಿಶನ್ನಿನ ಹಲಗೆಯ ಮೇಲೆ ಹಾಗೇ ನಿಂತಿತು. ಬೀದಿಯ ಹರಟೆ ಗಾಳಿಗೆ ಹೋಗುವಂಥದ್ದು. ಇದು ಅಚ್ಚಾಗುತ್ತದೆ. ಗಂಡನ ಹೆಸರಿನ ಕೆಳಗೆ ತನ್ನ ಸುಳ್ಳು ಪುರಾವೆಯಾಗಿ ನಿಲ್ಲುತ್ತದೆ. ಹೇಳಿದರೋ, ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವನು ಇನ್ನು ತನ್ನ ಮುಖ ಹೇಗೆ ನೋಡಿಯಾನು?

ಬರಹಗಾರ್ತಿ ಟೀ ಲೋಟ ಹಿಡಿದು ಕೂತಿದ್ದ ಟ್ಯಾಂಕಣ್ಣನ ಕಡೆ ತಿರುಗಿದಳು. ಕೋಟಿನ ಉದ್ದ ಕೇಳಿದಳು, ಟೋಪಿ ಇತ್ತೇ ಎಂದು ಕೇಳಿದಳು, ಅವರ ದನಿ ಹೇಗಿತ್ತು, ಯಾವ ದಿಕ್ಕಿಗೆ ಹೋದರು ಎಂದೆಲ್ಲ ಕೇಳಿದಳು. ಅವನು ಒಂದೊಂದಕ್ಕೂ ಅಡ್ಡಡ್ಡ ತಲೆಯಾಡಿಸಿದ, ಅಷ್ಟೇ. ಕೊನೆಗೆ ಅವಳು, "ಅವ್ರು ಯಾರಿರ್ಬಹುದು ಅಂತ ನಿಮಗನ್ಸುತ್ತೆ?" ಎಂದಳು.

"ನಾನು ಸಹಿ ಹಾಕಿದೀನಮ್ಮ," ಎಂದ. "ಮಾತಾಡೋ ಹಾಗಿಲ್ಲ."

ಒಂದು ಸುಳ್ಳು ಕಾಗದಕ್ಕೆ ಕೊಟ್ಟ ಮಾತನ್ನು ಈ ಮನುಷ್ಯ ಇಪ್ಪತ್ತೇಳು ವರ್ಷ ಕಾದುಕೊಂಡು ಬಂದಿದ್ದಾನೆ. ಹೊಲಿಗೆಯಕ್ಕನಿಗೆ ತಡೆಯಲಾಗಲಿಲ್ಲ.

"ಬರ್ಕೊಳ್ಳಮ್ಮ," ಎಂದಳು. "ಅವ್ರು ಎಲ್ಲಿಂದಾನೂ ಇಳಿದು ಬಂದೋರಲ್ಲ. ನಾನು ಕಳಿಸಿದ್ದು. ನನ್ನ ತಮ್ಮನ ಸ್ನೇಹಿತ್ರು. ಕೋಟೂ ನಾನೇ ಹೊಲ್ದಿದ್ದು. ಇವ್ರ ಕೆಲಸ ಹೋಗುತ್ತೆ ಅಂತ..." ಬರಹಗಾರ್ತಿಯ ಪೆನ್ನು ಗಾಳಿಯಲ್ಲೇ ನಿಂತಿತು.

ಗಂಡ ಟೀ ಲೋಟ ಕೆಳಗಿಟ್ಟ.

"ಗೊತ್ತು," ಎಂದ.

"ಏನ್ ಗೊತ್ತು?"

"ಕೋಟು ಹೊಲ್ದಿದ್ದು ನೀನು, ಸರಿ. ಗುಂಡಿ ಹೊಲ್ದಿದ್ದು ಯಾರು?"

ಅವಳು ಬಾಯಿಗೆ ಕೈ ಇಟ್ಟುಕೊಂಡಳು. ತೋಳು ಅಳೆದಿದ್ದಳು, ಬೆನ್ನು ಅಳೆದಿದ್ದಳು, ಒಳಗಿನ ಅಸ್ತರಿನ ಬಟ್ಟೆ ತಿರುವಿ ನೋಡಿದ್ದಳು. ಗುಂಡಿಯ ಕಡೆ ಮಾತ್ರ ಗಮನ ಹೋಗಿರಲೇ ಇಲ್ಲ. ಕೋಟು ಎಂದರೆ ತನ್ನ ಕೆಲಸ ಎಂದೇ ಅವಳ ಲೆಕ್ಕ.

"ಕಾಗದ ಚಾಚಿದ್ನಲ್ಲ, ಅವನ ಕೋಟಿನ ಮೂರನೇ ಗುಂಡಿ ನನ್ನ ಮೂಗಿನ ಎದುರಿಗೇ ಇತ್ತು. ಕಂದು ಬಣ್ಣದ್ದು. ಕಪ್ಪು ಗುಂಡಿ ಮುಗಿದಿತ್ತು ಅಂತ ನಾನೇ ಹಾಕಿದ್ದೆ, ಕಾಣಲ್ಲ ಬಿಡು ಅಂತ. ಬುಡದಲ್ಲಿ ನನ್ನ ಗಂಟು. ನನಗ್ ಗೊತ್ತಾಗಲ್ವೇನೇ?"

"ಮತ್ತೆ ಯಾಕ್ರೀ ಸಹಿ ಹಾಕಿದ್ರಿ? ಯಾಕೆ ಸುಮ್ನಿದ್ರಿ ಇಷ್ಟು ವರ್ಷ?"

"ಪರದೆ ಕೆಳಗೆ ನಿನ್ನ ಕಾಲು ಕಾಣಿಸ್ತಿತ್ತು. ಗಡಗಡ ನಡುಗ್ತಿತ್ತು. ಇವಳು ಇಷ್ಟೆಲ್ಲ ಮಾಡ್ಬೇಕಾದ್ರೆ ಎಷ್ಟು ಹೆದರಿರಬೇಕು ಅಂದ್ಕೊಂಡೆ. ಹಾಕ್ದೆ."

ಅವಳ ಕಣ್ಣಲ್ಲಿ ನೀರು ಬಂತು. ಮೂಗೊರೆಸಿಕೊಂಡು, "ನನ್ಮೇಲೆ ಸಿಟ್ಟು ಬರ್ಲಿಲ್ವಾ?" ಎಂದಳು.

"ಬಂತು. ಗುಂಡಿ ಹೊಲಿಯೋದು ಬಿಟ್ಟಿದ್ದು ಮತ್ಯಾಕೆ? ಬೆರಳಿಗೇನಾಗಿತ್ತು ನನಗೆ?" ಅವನು ತನ್ನ ಅಂಗೈ ನೋಡಿಕೊಂಡ. "ಆದ್ರೆ ಅವರನ್ನ ಕಳಿಸಿದ್ದಕ್ಕಲ್ಲ ಕಣೇ. ಅವತ್ತು ಮೆಟ್ಟಿಲಿಳಿದು ನಾನು ಮೊದಲು ಓಡಿ ಬಂದಿದ್ದು ನಿನ್ನ ಹತ್ರ. ಏನು ನೋಡಿದ್ರಿ ಅಂತ ಒಂದು ಮಾತು ನೀನು ಕೇಳ್ಲಿಲ್ಲ. ಅವತ್ತೂ ಕೇಳ್ಲಿಲ್ಲ, ಆಮೇಲೂ ಕೇಳ್ಲಿಲ್ಲ. ಬೀದಿಯೋರಿಗೆ ತಟ್ಟೆ ಬೇಕಿತ್ತು. ಆಮೇಲೆ ಕೋಟು ಬೇಕಾಯ್ತು. ಈ ತಾಯೀನೂ ಕೋಟಿನ ಉದ್ದಾನೇ ಕೇಳಿದ್ರು."

ಬರಹಗಾರ್ತಿ ತನ್ನ ಟಿಪ್ಪಣಿ ಪುಸ್ತಕ ನೋಡಿಕೊಂಡಳು. ಬೀದಿಯವರನ್ನು ಕೇಳಿ ಬರೆದುಕೊಂಡದ್ದೂ ಸೇರಿ ನಾಲ್ಕು ಪುಟ ತುಂಬಿತ್ತು. ಎಲ್ಲವೂ ಕೋಟಿನವರ ಸಂಗತಿ. ಮುಖ ಕೆಂಪಗೆ ಮಾಡಿಕೊಂಡು ಪೆನ್ನಿನ ಮುಚ್ಚಳ ಹಾಕಿದಳು.

ಹೊಲಿಗೆಯಕ್ಕ ಮೇಲೆದ್ದು ಗುಂಡಿ ಡಬ್ಬ ತಂದಳು. ಗುಂಡಿಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡು ತಳದಿಂದ ಹಳದಿಗಟ್ಟಿದ ಕಾಗದ ತೆಗೆದಳು. ಗಂಡನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

"ಏನ್ ನೋಡಿದ್ರಿ ಅವತ್ತು?" ಎಂದಳು.

"ಹೇಳ್ಬಹುದಾ? ಸಹಿ ಹಾಕಿದೀನಲ್ಲ." ಅವನ ಮೀಸೆಯಡಿ ನಗು ಇಣುಕಿತು.

"ಆ ಸಹಿ ಇಸ್ಕೊಂಡೋಳು ನಾನು. ತಗೊಳ್ಳಿ, ನಾನೇ ವಾಪಸ್ ಕೊಡ್ತಿದೀನಿ. ಹೇಳಿ."

ಅವನು ಕಾಗದ ತೆಗೆದುಕೊಂಡು ಬಿಡಿಸಲೂ ಇಲ್ಲ, ಜೇಬಿಗೆ ಹಾಕಿಕೊಂಡ. ಕಿಟಕಿಯಾಚೆ ಟ್ಯಾಂಕು ಕಾಣುತ್ತಿತ್ತು. ಅದರ ಕಡೆ ನೋಡುತ್ತಾ, "ಕೆಲವರು ತಟ್ಟೆ ಅಂದ್ರು, ಕೆಲವರು ಬೆಳಕು ಅಂದ್ರು. ಅದು ಎರಡೂ ಅಲ್ಲ ಕಣೇ," ಎಂದು ಶುರುಮಾಡಿದ. ಮೊದಲನೆಯ ಮೆಟ್ಟಿಲಿನಿಂದಲೇ ಶುರುಮಾಡಿದ. ಯಾವ ಮೆಟ್ಟಿಲಲ್ಲಿ ಗಾಳಿ ನಿಂತಿತು, ಯಾವ ಮೆಟ್ಟಿಲಲ್ಲಿ ಹಕ್ಕಿಗಳ ಸದ್ದಡಗಿತು ಎಂದು ಒಂದೊಂದಾಗಿ ಹೇಳುತ್ತಾ ಹೋದ. ನೂರಾ ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಟೀ ಆರಿ ತಣ್ಣಗಾಗಿತ್ತು. ಅವಳು ಮಡಿಲ ಗುಂಡಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದಳು. ಮಧ್ಯೆ ಒಮ್ಮೆಯೂ, ಮೊದಲು ಕೈಕಾಲು ತೊಳ್ಕೊಳ್ಳಿ ಎನ್ನಲಿಲ್ಲ.