ಭಂಡಾರದ ಮೇಲಿಟ್ಟ ಕೈ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಏನೋ ನೆಪ ಮಾಡಿ ಎದ್ದುಹೋಗಿದ್ದೇನೆ. ಈಗಲೂ ಎರಡು ಸಲ ಅಂಗಳಕ್ಕೆ ಹೋಗಿ ಬಂದೆ.

ನಮ್ಮದು ಗುಡೇಕೋಟೆ ಕಡೆಯ ಕುರಿಗಾರರ ಮನೆ. ಸೊಸೆಗೆ ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿತ್ತು. ಎರಡು ಮಕ್ಕಳಾಗಿದ್ದವು, ಗರ್ಭಕೋಶ ತೆಗೆಸಿದೆವು. ಅಲ್ಲಿಯವರೆಗೆ ಮನೆಯಲ್ಲೇ ಇದ್ದ ಮಗ, ಅವಳು ಆಸ್ಪತ್ರೆಯಿಂದ ಬಂದ ಮರುದಿನ ಕುರಿ ಹೊಡೆದುಕೊಂಡು ಹಂಪಸಾಗರದ ಹೊಲಗಳ ಕಡೆ ಹೋದ.

ತಿಂಗಳು ದಾಟಿತ್ತು. ಅವಳಿಗೆ ವಾಂತಿ, ಕಿಬ್ಬೊಟ್ಟೆಯಲ್ಲಿ ನೋವು. "ಅತ್ತಿ, ಬಸುರಿದ್ದಾಗ ಆದಂಗ ಆಗತೈತಿ" ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದಳು. ಕಟ್ಟೆಯ ಮೇಲಿಂದ ನಾನೇ ಬಾಯಿ ಹಾಕಿದೆ: "ಚೀಲನ ಇಲ್ಲ, ಬಸುರು ಎಲ್ಲಿಂದ ಬರತೈತಿ? ಕೆಲಸ ತಪ್ಪಸಾಕ ಹೊಸ ಆಟ."

ಮರುದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದು ಬಸಿರಿನ ಪರೀಕ್ಷೆ ಮಾಡಿದಳು. ಪಟ್ಟಿಯ ಮೇಲೆ ಎರಡು ಗೆರೆ. "ಹೆಂಗಂತ ನನಗ ತಿಳಿಯವಲ್ದು, ಈಗಿಂದೀಗ ದವಾಖಾನಿಗೆ ಕರಕೊಂಡು ನಡೀರಿ" ಎಂದಳು.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಮಗ ಹೋಗಿ ಎಷ್ಟು ದಿನವಾಯಿತೆಂದು ಬೆರಳು ಮಡಿಸಿದೆ. ಮನೆದೇವರ ಭಂಡಾರದ ತಟ್ಟೆ ತಂದು ಪಡಸಾಲೆಯಲ್ಲಿಟ್ಟೆ. ಆ ಅರಿಶಿನ ಪುಡಿ ಮುಟ್ಟಿ ನಮ್ಮಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಮೈ ತೊಳೆಯದೆ ಮುಟ್ಟುವಂತೆಯೂ ಇಲ್ಲ. "ಜಳಕಾ ಮಾಡಿ ಬಂದು ಆಣಿ ಮಾಡು" ಎಂದೆ ಸೊಸೆಗೆ.

"ಯಜಮಾನ್ರ, ನಿಮ್ಮ ದೇವ್ರು ಎಲ್ಲಿಗೂ ಓಡಿಹೋಗಂಗಿಲ್ಲ, ಮೊದ್ಲು ಗಾಡಿ ಕರಸ್ರಿ!" ಆಶಾ ಕಾರ್ಯಕರ್ತೆ ಕೂಗುತ್ತಲೇ ಇದ್ದಳು. ನಾನು ಕದಲಲಿಲ್ಲ.

ಸೊಸೆ ನಿಲ್ಲಲಾಗದೆ ಕೂತೇ ನೀರು ಹಾಕಿಕೊಂಡು ಬಂದಳು. ಒದ್ದೆ ಕೈಯನ್ನು ಭಂಡಾರದ ಮೇಲಿಟ್ಟು, "ನಿಮ್ಮ ಮಗನ್ನ ಬಿಟ್ಟು..." ಎಂದವಳು ಅಲ್ಲೇ ಕುಸಿದಳು.

ಕೂಡ್ಲಿಗಿ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು. "ಗರ್ಭಕೋಶ ತೆಗೆಯೋಕ್ಕಿಂತ ಮುಂಚೇನೇ ನಳಿಕೆಯಲ್ಲಿ ಬಸಿರು ನಿಂತಿತ್ತು, ಈಗ ಒಡೆದಿದೆ" ಎಂದರು ಡಾಕ್ಟರಮ್ಮ. "ತೀರಾ ಅಪರೂಪ. ಜೀವ ಉಳಿದದ್ದೇ ಹೆಚ್ಚು. ಇಷ್ಟು ತಡ ಯಾಕೆ ಮಾಡಿದ್ರಿ?"

"ಗಾಡಿ ಸಿಗಲಿಲ್ರಿ" ಎಂದೆ. ಸ್ಟ್ರೆಚರಿನ ಮೇಲೆ ಅವಳ ಅಂಗೈ ಇನ್ನೂ ಹಳದಿಯಾಗಿತ್ತು.

ಮಗ ಊರಿಗೆ ಬಂದಾಗ ಅವನ ಮುಂದೆ ಅತ್ತುಬಿಟ್ಟೆ. ದೇವರಿಗೆ ತಪ್ಪುಕಾಣಿಕೆ ಹಾಕಿದೆ. ಈಗಲೂ ಪೂಜೆ ಮುಗಿಸಿ ನಾನು ಭಂಡಾರ ಹಚ್ಚಲು ಬಂದರೆ ಎಲ್ಲರೂ ಹಣೆ ಮುಂದೆ ಮಾಡುತ್ತಾರೆ, ಒಬ್ಬಳು ಮಾತ್ರ ಒಲೆಯ ಮುಂದಿನಿಂದ ಏಳುವುದಿಲ್ಲ. ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲವರೆಗೆ ಹೋಗುತ್ತೇನೆ, ತಿರುಗಿ ಬರುತ್ತೇನೆ. ತಪ್ಪಾಯಿತು ಎಂದು ಈವರೆಗೂ ನಾನು ಹೇಳದೆ ಉಳಿದದ್ದು ಅವಳೊಬ್ಬಳಿಗೆ, ನನ್ನ ಸೊಸೆಗೆ.